ಬೇಲಿಯೇ ಹೊಲ ಮೇಯ್ದ ಬಗೆ

"ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂಬ ಬೋರ್ಡನ್ನು ನಮ್ಮ ಪೇಟೆಯ ಅಂಗಡಿಗಳಲ್ಲಿ ಓದದವರು ಯಾರು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆಂದು ಹಿಂದಿನವರು ಹೇಳುತ್ತಿದ್ದರು. ಕೊಟ್ಟ ಸರಕಿನ ವಿಷಯದಲ್ಲಿ ನಮ್ಮ ವರ್ತಕರ ಅಭಿಪ್ರಾಯವೂ ಅದೇ. ಇದಕ್ಕೆ ನೇರ ವಿರುದ್ಧವಾದ ಪದ್ಧತಿಯೊಂದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಹೊರದೇಶಗಳಲ್ಲಿ ಬೆಳೆದು ಬಂದಿದೆ. ತಾನು ಮಾರಿದ ವಸ್ತುವಿನಲ್ಲಿ ಪ್ರಾಣಾಪಾಯ ತರುವ ದೋಷವಿದೆಯೆಂದು ತಿಳಿದೊಡನೆ ಮಾರಿದವನೇ ಡಂಗುರ ಹೊಡೆಸಿ, ಕೊಂಡವರನ್ನು ಹುಡುಕಿ, ಆ ವಸ್ತುವನ್ನು ಹಿಂಪಡೆದು ಬೇರೊಂದನ್ನು ಕೊಡಬೇಕು. ಇಲ್ಲವೆ ಹಣ ಮರಳಿಸಬೇಕು. ಇಂಗ್ಲಿಷಿನಲ್ಲಿ ಇದನ್ನು "ರಿಕಾಲ್" ಎನ್ನುತ್ತಾರೆ. ಆ ಮಾತಿಗೆ ಎರಡು ಅರ್ಥಗಳಿವೆ. ಹಿಂದಕ್ಕೆ ಕರೆಯುವುದು ಒಂದು. ನೆನಪಿಗೆ ತಂದುಕೊಳ್ಳುವುದು ಇನ್ನೊಂದು. ಈ ಎರಡೂ ಬೇರೆ ಬೇರೆಯಲ್ಲ ಎಂಬುದಕ್ಕೆ ಮನೆಯ ಮಾಳಿಗೆಗೆ ಬಂದಿರುವ ಸೌರ ವಿದ್ಯುತ್ತಿನ ಕಥೆಗಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಾಣೆ. ಯಾರಿಗೆ, ಎಲ್ಲಿ, ಏನನ್ನು ಕೊಟ್ಟೆನೆಂಬ ನೆನಪೇ ಇಲ್ಲದವನು ಯಾವುದನ್ನು ತಾನೆ ಹಿಂದಕ್ಕೆ ಕರೆದಾನು?

ಇಸ್ತ್ರಿಪೆಟ್ಟಿಗೆ ಕೆಟ್ಟದ್ದೆಂದು ಗೊತ್ತಾದರೆ ಕೈಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಬಹುದು. ಮೋಟಾರು ಕಾರಾದರೆ ಅದಕ್ಕೆ ನಂಬರಿದೆ, ಸರಕಾರದ ಕಚೇರಿಯಲ್ಲಿ ಅದರ ಯಜಮಾನನ ವಿಳಾಸವಿದೆ. ಓಡಿಸಿಕೊಂಡು ಹೋಗಿ ಕಾರ್ಖಾನೆಯ ಮುಂದೆ ನಿಲ್ಲಿಸಬಹುದು. ಸೋಲಾರ್ ಸಾಮಗ್ರಿಯ ಪಾಡು ಹಾಗಲ್ಲ. ಅದು ಒಮ್ಮೆ ಮನೆಯ ತಲೆಯ ಮೇಲೆ ಹತ್ತಿ ಕುಳಿತರೆ ಇಪ್ಪತ್ತೈದು ವರ್ಷ ಅಲ್ಲಿಯೇ. ಅಷ್ಟರೊಳಗೆ ಮನೆ ಕೈ ಬದಲಾಯಿಸಿರುತ್ತದೆ, ಕೂರಿಸಿದ ಕಂತ್ರಾಟುದಾರ ಊರು ಬಿಟ್ಟಿರುತ್ತಾನೆ, ಮಾರಿದ ಕಂಪೆನಿ ಬಾಗಿಲು ಹಾಕಿರುತ್ತದೆ. ಬಿಸಿಲು ಮಾತ್ರ ತಪ್ಪದೆ ಬೀಳುತ್ತಿರುತ್ತದೆ.

ಬಿಸಿಲನ್ನು ವಿದ್ಯುತ್ತಾಗಿ ಮಾಡುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಲೋಕಕ್ಕೆ ತೋರಿಸಿದ್ದು 1954ರಲ್ಲಿ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ವಿದ್ಯುತ್ತಾಯಿತೆಂದು ಆಗ ದೊಡ್ಡ ಸುದ್ದಿ. ಮೊದಲು ಉಪಗ್ರಹಗಳಿಗೆ, ಆಮೇಲೆ ತಂತಿ ಹೋಗದ ದೂರದ ಹಳ್ಳಿಗಳಿಗೆ ಒದಗಿದ ಈ ಕೋಶ, ಪಟ್ಟಣದ ಗೃಹಸ್ಥನ ಮನೆಯ ಮೇಲೆ ಸಾಲುಸಾಲಾಗಿ ಹತ್ತಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಜನಸಂಖ್ಯೆಯ ಲೆಕ್ಕದಲ್ಲಿ ಈ ಸಾಹಸ ಮಾಡಿದವರಲ್ಲಿ ಮುಂದಾಳು ಆಸ್ಟ್ರೇಲಿಯ. 2007ರಲ್ಲಿ ಅಲ್ಲಿ ಕೆಲವೇ ಸಾವಿರ ಮನೆಗಳ ಮೇಲೆ ಪ್ಯಾನೆಲ್ಲುಗಳಿದ್ದವು. 2008ರ ಜುಲೈಯಲ್ಲಿ ಕ್ವೀನ್ಸ್‌ಲೆಂಡ್ ರಾಜ್ಯದ ಸರಕಾರ, ಮನೆಯವರು ಬಳಸಿ ಮಿಕ್ಕಿದ ಪ್ರತಿ ಯೂನಿಟ್ ವಿದ್ಯುತ್ತಿಗೂ 44 ಸೆಂಟು ಕೊಡುವುದಾಗಿ ಸಾರಿತು. 2010ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ 60 ಸೆಂಟಿನ ಆಸೆ ತೋರಿಸಿತು. ಜನ ಮುಗಿಬಿದ್ದರು. 2013ರ ಹೊತ್ತಿಗೆ ಹತ್ತು ಲಕ್ಷ ಮನೆ; 2024ರ ಕೊನೆಗೆ ನಲವತ್ತು ಲಕ್ಷ.

ಆತುರದ ಮದುವೆಯಲ್ಲಿ ಜಾತಕ ನೋಡುವವರಿಲ್ಲ. ಇಂದು ಅರ್ಜಿ ಹಾಕದಿದ್ದರೆ ನಾಳೆ ದರ ಇಳಿದೀತೆಂಬ ಭಯ ಮನೆಯವರಿಗೆ. ಈ ತಿಂಗಳು ಕೂರಿಸದಿದ್ದರೆ ಮುಂದಿನ ತಿಂಗಳು ಕೆಲಸವಿಲ್ಲವೆಂಬ ಭಯ ಕಂತ್ರಾಟುದಾರರಿಗೆ. ಈ ಆತುರದ ಬೆಲೆ ಎಷ್ಟೆಂಬುದನ್ನು ಆ ದೇಶ ಬೇರೊಂದು ಯೋಜನೆಯಲ್ಲಿ ಆಗಲೇ ಕಂಡಿತ್ತು. ಮನೆಗಳ ಚಾವಣಿಯ ಕೆಳಗೆ ಶಾಖ ತಡೆಯುವ ಹೊದಿಕೆ ಹಾಸಲು ಅಲ್ಲಿಯ ಕೇಂದ್ರ ಸರಕಾರ 2009ರಲ್ಲಿ ಹಣ ಚೆಲ್ಲಿತು. ಸರಿಯಾದ ತರಬೇತಿಯಿಲ್ಲದೆ ಅಟ್ಟ ಹತ್ತಿದ ನಾಲ್ವರು ಯುವಕರು 2010ರ ಆರಂಭದೊಳಗೆ ಸತ್ತರು. ಅದರ ವಿಚಾರಣೆಗೆ ನೇಮಿಸಿದ ರಾಯಲ್ ಕಮಿಷನ್ ತನ್ನ ವರದಿ ಒಪ್ಪಿಸಿದ್ದು 2014ರಲ್ಲಿ. ನಾನು ಈಗ ಹೇಳಹೊರಟಿರುವ ಸೌರ ಪ್ರಕರಣ ಸ್ಫೋಟಿಸಿದ್ದೂ ಅದೇ ವರ್ಷ.

ಆ ಪ್ರಕರಣ ಅರ್ಥವಾಗಬೇಕಾದರೆ ವಾಚಕರು ವಿದ್ಯುತ್ತಿನ ಎರಡು ಜಾತಿಗಳನ್ನು ನೆನಪಿಗೆ ತಂದುಕೊಳ್ಳಬೇಕು. ನಾನು ಇತಿಹಾಸದ ವಿದ್ಯಾರ್ಥಿಯೇ ಹೊರತು ಎಂಜಿನಿಯರನಲ್ಲ. ತಿಳಿದವರಿಂದ ಕೇಳಿ ಗ್ರಹಿಸಿದಷ್ಟನ್ನು ಹೇಳುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿದ್ದು, ಇಂದು ನಮ್ಮ ನಿಮ್ಮ ಮನೆಯ ಗೋಡೆಯಲ್ಲಿರುವುದು ಎ.ಸಿ. ವಿದ್ಯುತ್ತು. ಅದು ತನ್ನ ದಿಕ್ಕನ್ನು ಬದಲಾಯಿಸುತ್ತಲೇ ಇರುತ್ತದೆ. ಈಗಿನ ಲೆಕ್ಕದಲ್ಲಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಮೇಲೇಳುತ್ತದೆ. ಸ್ವಿಚ್ಚು ಆರಿಸುವಾಗ ಒಳಗೆ ಕಿಡಿ ಹಾರಿದರೂ, ಸೊನ್ನೆ ಬಂದ ಕ್ಷಣ ಅದು ಉಸಿರು ಕಟ್ಟಿ ಸಾಯುತ್ತದೆ. ಸೌರ ಫಲಕದಿಂದ ಬರುವುದು ಡಿ.ಸಿ. ಅದಕ್ಕೆ ಸೊನ್ನೆಯೆಂಬುದಿಲ್ಲ, ಒಂದೇ ಸಮನೆ ಒಂದೇ ಕಡೆಗೆ ನುಗ್ಗುತ್ತದೆ. ಹತ್ತು ಹನ್ನೆರಡು ಪ್ಯಾನೆಲ್ಲುಗಳನ್ನು ಸರದಂತೆ ಪೋಣಿಸಿದರೆ ಮುನ್ನೂರು ನಾನೂರು ವೋಲ್ಟಾಗುತ್ತದೆ. ಅಂಥ ತಂತಿ ಎಲ್ಲಾದರೂ ಸಡಿಲವಾಗಿ ಕಿಡಿ ಹತ್ತಿತೆಂದರೆ, ಅದು ತಾನಾಗಿ ಆರುವುದು ಕಷ್ಟ. ಬೆಸುಗೆಯವನ ಕೈಯ ಜ್ವಾಲೆಯಂತೆ ಉರಿಯುತ್ತಲೇ ಇರುತ್ತದೆ. ಮೇನ್ ಸ್ವಿಚ್ಚು ತೆಗೆದರೂ ಫಲವಿಲ್ಲ. ಸೂರ್ಯನನ್ನು ಆರಿಸುವ ಸ್ವಿಚ್ಚು ಇನ್ನೂ ಯಾರ ಮನೆಗೂ ಬಂದಿಲ್ಲವಷ್ಟೆ.

ಇದನ್ನು ಬಲ್ಲವರೇ ಆಸ್ಟ್ರೇಲಿಯದಲ್ಲಿ ಒಂದು ನಿಯಮ ಮಾಡಿದರು. ಆ ದೇಶಕ್ಕೂ ನ್ಯೂಜಿಲೆಂಡಿಗೂ ಸಮಾನವಾದ ಸೌರ ಮಾನಕದ 2012ರ ಆವೃತ್ತಿ, ಪ್ಯಾನೆಲ್ಲುಗಳ ಪಕ್ಕದಲ್ಲಿಯೇ, ಚಾವಣಿಯ ಮೇಲೆ, ಡಿ.ಸಿ. ಐಸೊಲೇಟರ್ ಎಂಬ ಸ್ವಿಚ್ಚನ್ನು ಕಡ್ಡಾಯ ಮಾಡಿತು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೊಂದು ತಿರುಗುವ ಹಿಡಿ. ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರಿಗೂ, ರಿಪೇರಿಗೆ ಏಣಿ ಹತ್ತಿದವನಿಗೂ ಅದು ರಕ್ಷೆ. ಹಿಡಿ ತಿರುಗಿಸಿದರೆ ಪ್ಯಾನೆಲ್ಲುಗಳ ವಿದ್ಯುತ್ತು ಅಲ್ಲಿಂದ ಕೆಳಕ್ಕೆ ಇಳಿಯದು. ಉದ್ದೇಶ ಸಾಧುವಾದದ್ದು. ತಪ್ಪೆಣಿಸುವಂಥದೇನೂ ಅದರಲ್ಲಿ ಕಾಣಲಿಲ್ಲ.

ಆದರೆ ಹೊಲ ಕಾಯಲು ಹಾಕಿದ ಬೇಲಿ ಹೊಲವನ್ನೇ ಮೇಯತೊಡಗಿತು. ಆ ಡಬ್ಬಿಗಳು ಇರಬೇಕಾದ ಜಾಗ ಎಂಥದು? ಆಸ್ಟ್ರೇಲಿಯದ ಸುಡುಬಿಸಿಲಿನಲ್ಲಿ ಕಾದ ತಗಡಿನ ಮೇಲೆ, ಮಳೆಗೆ ಮೈಯೊಡ್ಡಿ. ಬಿಸಿಲಿಗೆ ಪ್ಲಾಸ್ಟಿಕ್ ಬಿರಿಯಿತು. ತಂತಿ ಒಳಹೋಗುವ ತೂತನ್ನು ಸರಿಯಾಗಿ ಮುಚ್ಚದ ಕಡೆ ನೀರು ಇಳಿಯಿತು. ಹಗಲು ಕಾದು ರಾತ್ರಿ ತಣಿಯುವಾಗ ಡಬ್ಬಿಯೊಳಗೇ ತೇವ ಕಟ್ಟಿತು. ತಿರುಪುಗಳು ತುಕ್ಕು ಹಿಡಿದು ಸಡಿಲವಾದವು. ಪ್ರತಿಯೊಂದು ಸ್ವಿಚ್ಚೆಂದರೆ ತಂತಿಗೆ ನಾಲ್ಕಾರು ಹೊಸ ಕೂಡುಗಂಟುಗಳು. ಪ್ರತಿಯೊಂದು ಗಂಟೂ ಕಿಡಿ ಹುಟ್ಟಬಲ್ಲ ತಾವು. ಇವೆಲ್ಲದರ ಮೇಲೆ, ಸ್ವಿಚ್ಚೇ ಕಳಪೆಯಾಗಿದ್ದರೆ ಹೇಳಬೇಕೆ?

2014ರ ಮೇ ತಿಂಗಳಲ್ಲಿ ಕ್ವೀನ್ಸ್‌ಲೆಂಡ್ ಸರಕಾರ ತುರ್ತು ಆಜ್ಞೆಯೊಂದನ್ನು ಹೊರಡಿಸಿತು. ಅಡ್ವಾನ್ಸ್‌ಟೆಕ್ ಎಂಬ ಅಲ್ಲಿಯ ಕಂಪೆನಿ ಹೊರಗಿನಿಂದ ತರಿಸಿ "ಅವಾಂಕೊ" ಎಂಬ ಹೆಸರಿನಲ್ಲಿ ಮಾರಿದ್ದ ಐಸೊಲೇಟರುಗಳನ್ನು ಹಿಂದಕ್ಕೆ ಪಡೆಯಬೇಕೆಂಬ ಆಜ್ಞೆ ಅದು. ಆ ವರ್ಷದ ಜನವರಿಯಿಂದ ಸುಮಾರು 70 ಬೆಂಕಿ ಪ್ರಕರಣಗಳಿಗೆ ಅವು ಕಾರಣವೆಂದು ಸರಕಾರ ಹೇಳಿತು. ಮಾರಾಟವಾಗಿದ್ದವು ಸುಮಾರು 27,000. ಕಂಪೆನಿ ಮಾಡಿದ್ದೇನು? ಸಮಾಪನೆಗೆ ಹೋಯಿತು, ಎಂದರೆ ಅಂಗಡಿ ಮುಚ್ಚಿತು. ಕರೆಯಬೇಕಾದವನೇ ಇಲ್ಲದ ಮೇಲೆ ಹಿಂದಕ್ಕೆ ಕರೆಯುವುದು ಹೇಗೆ?

ಕಾನೂನು ತನ್ನ ಬೆರಳನ್ನು ಮುಂದಿನವನ ಕಡೆ ತಿರುಗಿಸಿತು. ಆಮದು ಮಾಡಿದವನು ಇಲ್ಲದಿದ್ದರೆ ಸ್ವಿಚ್ಚನ್ನು ಮನೆಗೆ ತಂದು ಕೂರಿಸಿದ ಎಲೆಕ್ಟ್ರೀಷಿಯನ್ ತನ್ನ ಖರ್ಚಿನಲ್ಲಿ ಬದಲಾಯಿಸಿಕೊಡಬೇಕಾಯಿತು. ಅಂಗಡಿಯಲ್ಲಿ ಪರೀಕ್ಷೆಯ ಮುದ್ರೆ ನೋಡಿ, ನ್ಯಾಯವಾದ ಬೆಲೆ ಕೊಟ್ಟು ಕೊಂಡು, ಸರಕಾರದ ನಿಯಮದಂತೆಯೇ ಕೂರಿಸಿದ ಸಣ್ಣ ಕಂತ್ರಾಟುದಾರನ ಸ್ಥಿತಿ ಯೋಚಿಸಿ. ಡಬ್ಬಿಯ ಬೆಲೆ ಅಲ್ಪ. ಆದರೆ ನೂರು ಮನೆಗೆ ಹೋಗಿ, ನೂರು ಸಲ ಏಣಿ ಹತ್ತಿ, ನೂರು ದಿನದ ಕೂಲಿ ಕಳೆದುಕೊಳ್ಳಬೇಕು. ಅನೇಕರು ಹೊಟ್ಟೆಯ ಮೇಲೆ ಬಟ್ಟೆ ಹಾಕಿಕೊಂಡು ಬದಲಾಯಿಸಿಕೊಟ್ಟಿರಬಹುದು. ಕಂಪೆನಿಯಂತೆಯೇ ಬಾಗಿಲು ಹಾಕಿ ಹೋದವರೂ ಇರಬಹುದು. ಮುಂದಿನ ಕೆಲವು ವರ್ಷಗಳಲ್ಲಿ ಇನ್ನೂ ಹಲವು ಮಾರಾಟಗಾರರ ಐಸೊಲೇಟರುಗಳು ಇದೇ ಬಗೆಯಲ್ಲಿ ಹಿಂಪಡೆಯುವ ಪಟ್ಟಿ ಸೇರಿದವು. ಅವರಲ್ಲಿ ನಿಂತು ಹೊಣೆ ಹೊತ್ತವರೂ ಇದ್ದರು.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕೆಣಕಿದ್ದು ಒಂದು ಸಣ್ಣ ಸಂಗತಿ. ಆಸ್ಟ್ರೇಲಿಯದ ಸರಕಾರದ ಬಳಿ ದಾಖಲೆ ಇರಲಿಲ್ಲವೆ? ಇತ್ತು. ಯಾವ ವಿಳಾಸದಲ್ಲಿ ಎಷ್ಟು ಪ್ಯಾನೆಲ್ಲು, ಯಾವ ಕಂಪೆನಿಯದು, ಇನ್ವರ್ಟರ್ ಯಾವುದು, ಎಲ್ಲವೂ ಬರೆದಿತ್ತು. ಏಕೆಂದರೆ ಸಹಾಯಧನದ ಲೆಕ್ಕ ನಿಂತದ್ದು ಅದರ ಮೇಲೆ. ಸ್ವಿಚ್ಚಿನ ಹೆಸರನ್ನು ಬರೆಯಲು ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಹಣ ಸಿಗುವ ವಸ್ತು ದಾಖಲಾಯಿತು. ಬೆಂಕಿ ಹತ್ತುವ ವಸ್ತು ದಾಖಲಾಗಲಿಲ್ಲ. ಲೋಕದ ದಫ್ತರಗಳೆಲ್ಲ ಹೀಗೆಯೇ ಇರಬಹುದು. ಹಳೆಯ ಕಂದಾಯದ ಕಡತಗಳನ್ನು ಓದುವಾಗಲೂ ನಾನು ಇದನ್ನೇ ಕಂಡಿದ್ದೇನೆ: ಯಾವ ಹೊಲ ಎಷ್ಟು ಹಣ ಕೊಟ್ಟಿತೆಂಬುದು ತಪ್ಪದೆ ಸಿಗುತ್ತದೆ, ಆ ಹೊಲದಲ್ಲಿ ದುಡಿದವನು ಏನಾದನೆಂಬುದು ಸಿಗುವುದಿಲ್ಲ.

ಹಾಗಾಗಿ ಉಳಿದದ್ದು ಮನೆಯವರ ನೆನಪು. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ: ಇಂಥ ಹೆಸರಿನ, ಇಂಥ ನಂಬರಿನ ಸ್ವಿಚ್ಚು ನಿಮ್ಮ ಚಾವಣಿಯ ಮೇಲಿದೆಯೋ ನೋಡಿಸಿಕೊಳ್ಳಿ, ಆದರೆ ನೀವಾಗಿ ಚಾವಣಿ ಹತ್ತಬೇಡಿ. ಹತ್ತದೆ ತಿಳಿಯುವುದಕ್ಕೆ ಕಾಗದಪತ್ರ ಬೇಕು. ಕಾಗದಪತ್ರ ಹಳೆಯ ಯಜಮಾನನ ಜೊತೆ ಹೋಗಿದೆ.

ನನ್ನ ಅಕ್ಕನ ಮಗನೊಬ್ಬ ಬ್ರಿಸ್ಬೇನಿನಲ್ಲಿದ್ದಾನೆ. 2017ರಲ್ಲಿ ಅಲ್ಲಿ ಒಂದು ಮನೆ ಕೊಂಡ. ಪ್ಯಾನೆಲ್ಲುಗಳು ಮೊದಲೇ ಇದ್ದವು. ಮನೆಯ ಜೊತೆಗೆ ಬಂದ ವರವೆಂದು ಸಂತೋಷಪಟ್ಟ. ಎರಡು ವರ್ಷದ ಮೇಲೆ ಹತ್ತಿರದ ಬೀದಿಯಲ್ಲಿ ಒಂದು ಚಾವಣಿ ಹೊತ್ತಿ ಉರಿದಾಗ ಅವನಿಗೂ ದಿಗಿಲಾಯಿತು. ಕೂರಿಸಿದವರಾರೆಂದು ಹುಡುಕಿದರೆ ಆ ಸಂಸ್ಥೆಯೇ ಇಲ್ಲ. ಬೇರೊಬ್ಬ ಎಲೆಕ್ಟ್ರೀಷಿಯನ್ನನನ್ನು ಕರೆಸಿ ಡಬ್ಬಿ ತೆಗೆಸಿದ. ಒಳಗೆ ಎರಡು ಚಮಚದಷ್ಟು ನೀರು. ಒಂದು ತಿರುಪಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ಅದು ಯಾವ ಹೆಸರಿನ ಡಬ್ಬಿಯೆಂಬುದು ಇಲ್ಲಿ ಮುಖ್ಯವಲ್ಲ. ಅದರ ನೇರ ಕೆಳಗಿನ ಕೋಣೆಯಲ್ಲಿ ಅವನ ಚಿಕ್ಕ ಮಗಳು ಮಧ್ಯಾಹ್ನ ಮಲಗುತ್ತಿದ್ದಳು. ಈ ಬೆಂಕಿ ಹತ್ತುವುದೂ ಬಿಸಿಲೇರಿದ ಮಧ್ಯಾಹ್ನವೇ.

"ಸೂರ್ಯ ಬಿಟ್ಟಿ ಸಿಗುತ್ತಾನೆ ಮಾವ, ಸ್ವಿಚ್ಚು ಹಾಕಿದವನು ದುಡ್ಡು ಕೊಟ್ಟರೂ ಸಿಗುವುದಿಲ್ಲ" ಎಂದು ಅವನು ಫೋನಿನಲ್ಲಿ ಹೇಳಿದ. ನಾನು ಈ ಇತಿಹಾಸವನ್ನು ಕೆದಕಲು ಕುಳಿತದ್ದು ಆ ಮಾತಿನಿಂದ.

ಉತ್ಪ್ರೇಕ್ಷೆ ಮಾಡಬಾರದು. ಲಕ್ಷಾಂತರ ಸೌರ ಮನೆಗಳಲ್ಲಿ ಬೆಂಕಿ ಕಂಡವು ಬಹು ಸ್ವಲ್ಪ. ಅಡುಗೆಮನೆಯ ಒಲೆ ಸುಟ್ಟಷ್ಟು ಮನೆಗಳನ್ನು ಪ್ಯಾನೆಲ್ಲುಗಳು ಎಲ್ಲಿಯೂ ಸುಟ್ಟಿಲ್ಲ. ಆದರೆ ಹತ್ತಿದ ಬೆಂಕಿಯ ಮೂಲ ಹುಡುಕಿದಾಗ ಬೆರಳು ಮತ್ತೆ ಮತ್ತೆ ಆ ಕಾವಲುಗಾರನತ್ತಲೇ ತಿರುಗಿತು. ನ್ಯೂ ಸೌತ್ ವೇಲ್ಸಿನ ಅಗ್ನಿಶಾಮಕ ಇಲಾಖೆ, ಸೌರ ಸಾಮಗ್ರಿಯ ಬೆಂಕಿ ಐದು ವರ್ಷಗಳಲ್ಲಿ ಐದು ಪಟ್ಟಾಗಿದೆಯೆಂದೂ, ಅದರಲ್ಲಿ ಸುಮಾರು ಅರ್ಧಕ್ಕೆ ಐಸೊಲೇಟರೇ ಕಾರಣವೆಂದೂ ಹೇಳಿತು. ಕೊನೆಗೆ 2021ರ ನವೆಂಬರಿನಲ್ಲಿ ಹೊರಬಂದ ಹೊಸ ಮಾನಕ, ಚಾವಣಿಯ ಮೇಲಿನ ಆ ಸ್ವಿಚ್ಚನ್ನು ಕೈಬಿಡಲು ದಾರಿ ಮಾಡಿಕೊಟ್ಟಿತು. ರಕ್ಷಣೆಗೆಂದು ಕಡ್ಡಾಯವಾದದ್ದು ಒಂಬತ್ತು ವರ್ಷಗಳ ಮೇಲೆ ರಕ್ಷಣೆಗೆಂದೇ ಬೇಡವಾಯಿತು. ಹೀಗೆ ತಾನು ಮಾಡಿದ ನಿಯಮವನ್ನು ತಾನೇ ಹಿಂದಕ್ಕೆ ಕರೆದುಕೊಳ್ಳುವುದಕ್ಕೂ ಒಂದು ದೊಡ್ಡತನ ಬೇಕು. ಆದರೆ ನಡುವಿನ ಒಂಬತ್ತು ವರ್ಷಗಳ ಡಬ್ಬಿಗಳು ಲಕ್ಷಗಟ್ಟಲೆ ಮನೆಗಳ ಮೇಲೆ ಉಳಿದುಹೋದವು.

ಇದು ಆಸ್ಟ್ರೇಲಿಯದೊಂದರ ಹಣೆಬರಹವಲ್ಲ. ಬಾಗಿಲು ಹಾಕಿದ ಕಂಪೆನಿಯ ಕಥೆ ಯುರೋಪಿನಲ್ಲಿಯೂ ನಡೆಯಿತು. ಹಾಲೆಂಡಿನ ಷಾಯ್ಟನ್ ಕಂಪೆನಿ "ಮಲ್ಟಿಸೋಲ್" ಎಂಬ ಸುಮಾರು 6,50,000 ಪ್ಯಾನೆಲ್ಲುಗಳನ್ನು ಹಲವು ದೇಶಗಳಲ್ಲಿ ಮಾರಿತ್ತು. ಪ್ಯಾನೆಲ್ಲಿನ ಬೆನ್ನಿಗಂಟಿದ ತಂತಿಯ ಡಬ್ಬಿಯಲ್ಲಿ ದೋಷವಿದ್ದು ಕೂಡುಗಂಟು ಕಾದು ಕಿಡಿ ಹತ್ತುತ್ತಿತ್ತು. ಕಂಪೆನಿ 2012ರಲ್ಲಿ ದಿವಾಳಿಯಾಯಿತು. ಆಮೇಲೆ ಎಚ್ಚರಿಕೆ ಕೊಡುವ ಕೆಲಸ ಸರಕಾರದ ಅಧಿಕಾರಿಗಳ ಪಾಲಿಗೆ ಬಂದಿತು. ಹಣ ಕೇಳಲು ಮಾತ್ರ ಮನೆಯವರಿಗೆ ಬಾಗಿಲೇ ಉಳಿಯಲಿಲ್ಲ.

ಕಂಪೆನಿ ದೊಡ್ಡದಾಗಿದ್ದು ಬದುಕಿದ್ದರೆ ಎಲ್ಲ ಸರಿಹೋಗುತ್ತದೆಯೆ? ಅದಕ್ಕೂ ಉದಾಹರಣೆ ಇದೆ. ಹಗಲಿನ ಸೌರ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ಮನೆಯ ಬ್ಯಾಟರಿಗಳಲ್ಲಿ ಕೊರಿಯಾದ ಎಲ್‌ಜಿ ಕಂಪೆನಿಯವು ಹೆಸರುವಾಸಿ. ಕೆಲವು ಬ್ಯಾಟರಿಗಳು ಅತಿಯಾಗಿ ಕಾದು ಬೆಂಕಿ ಹತ್ತಿದ್ದರಿಂದ 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು 1,800 ಬ್ಯಾಟರಿಗಳನ್ನು ಹಿಂದಕ್ಕೆ ಕರೆದರು; ಎಂಟು ತಿಂಗಳಲ್ಲಿ ಆ ಲೆಕ್ಕ ಹತ್ತು ಸಾವಿರಕ್ಕೆ ಏರಿತು. ಆಸ್ಟ್ರೇಲಿಯದಲ್ಲಿ 2021ರಿಂದ ಆರಂಭವಾದ ಕರೆ ವರ್ಷ ವರ್ಷವೂ ಬೆಳೆಯಿತು. ಬ್ಯಾಟರಿ ಆರಿಸಿಟ್ಟವರಿಗೆ ಹೆಚ್ಚಾದ ವಿದ್ಯುತ್ ಬಿಲ್ಲನ್ನೂ ಕಂಪೆನಿ ಭರಿಸಲೊಪ್ಪಿತು. ಹಣವಿತ್ತು, ಹೊಣೆ ಹೊರುವ ಮನಸ್ಸಿತ್ತು. ಆದರೂ ಮೂರು ವರ್ಷಗಳ ಮೇಲೆಯೂ, ಸಾವಿರಾರು ಮನೆಗಳಲ್ಲಿ ಅಪಾಯದ ಬ್ಯಾಟರಿ ಹಾಗೆಯೇ ಇದೆ, ದಯವಿಟ್ಟು ನೋಡಿಕೊಳ್ಳಿ ಎಂದು ಅಲ್ಲಿಯ ಗ್ರಾಹಕ ಆಯೋಗ ಅಂಗಲಾಚುತ್ತಿತ್ತು. ಮನೆ ಮಾರಿದವರು, ವಿಳಾಸ ಬದಲಿಸಿದವರು, ಕಾಗದ ಬಂದರೂ ಜಾಹೀರಾತೆಂದು ಎಸೆದವರು, ಎಲ್ಲ ಬಗೆಯವರೂ ಇದ್ದರು.

ಇತ್ತೀಚೆಗೆ ಇದಕ್ಕೊಂದು ಹೊಸ ಉಪಾಯ ಬಂದಿದೆ. 2025ರ ನವೆಂಬರಿನಲ್ಲಿ ಟೆಸ್ಲಾ ಕಂಪೆನಿ ಅಮೆರಿಕದಲ್ಲಿ ಸುಮಾರು 10,500 ಮನೆ ಬ್ಯಾಟರಿಗಳನ್ನು ಹಿಂದಕ್ಕೆ ಕರೆದಾಗ, ಅಂತರ್ಜಾಲಕ್ಕೆ ಸೇರಿದ್ದ ಬ್ಯಾಟರಿಗಳನ್ನು ದೂರದಿಂದಲೇ ಬರಿದು ಮಾಡಿತು. ಮನೆಯವರು ಏಣಿ ಹತ್ತಬೇಕಾಗಿಲ್ಲ, ಕಾಗದ ಹುಡುಕಬೇಕಾಗಿಲ್ಲ. ಯಂತ್ರಕ್ಕೇ ತನ್ನ ವಿಳಾಸ ನೆನಪಿರುತ್ತದೆ. ಮೆಚ್ಚತಕ್ಕದ್ದೇ. ಆದರೆ ಅಂತರ್ಜಾಲ ಬಾಯಿಬಿಡುವುದು ಬೆಲೆಯುಳ್ಳ ಯಂತ್ರದ ಪರವಾಗಿ ಮಾತ್ರ. ಚಾವಣಿಯ ಮೇಲಿನ ಪ್ಲಾಸ್ಟಿಕ್ ಡಬ್ಬಿ ಇಂದಿಗೂ ಮೂಕವೇ.

ಇನ್ನು ನಮ್ಮ ಮನೆಗೆ ಬರೋಣ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ "ಪಿಎಂ ಸೂರ್ಯಘರ್" ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಗುರಿ. 75,021 ಕೋಟಿ ರೂಪಾಯಿನ ವೆಚ್ಚ. ಮೂರು ಕಿಲೋವ್ಯಾಟಿನ ಮನೆಗೆ 78,000 ರೂಪಾಯಿನ ಸಹಾಯಧನ. ಒಳ್ಳೆಯ ಯೋಜನೆ, ನಮ್ಮ ಬೀದಿಯಲ್ಲಿಯೇ ನಾಲ್ಕಾರು ತಾರಸಿಗಳ ಮೇಲೆ ಕಪ್ಪು ಫಲಕಗಳು ಮಿಂಚುತ್ತಿವೆ. ಕಾನೂನೂ ಬರಿಗೈಯಾಗಿಲ್ಲ. 2017ರ ಆಜ್ಞೆಯಿಂದ ಪ್ಯಾನೆಲ್ಲು ಇನ್ವರ್ಟರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ಅಪಾಯಕಾರಿ ಸರಕನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಒಂದು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಅದೇ ಪ್ರಾಧಿಕಾರ 2022ರಲ್ಲಿ, ಮಾನಕದ ಮುದ್ರೆಯಿಲ್ಲದ ಪ್ರೆಷರ್ ಕುಕ್ಕರುಗಳನ್ನು ಮಾರಿದ ಅಂತರ್ಜಾಲದ ಅಂಗಡಿಯೊಂದಕ್ಕೆ, ಮಾರಾಟವಾದ 2,265 ಕುಕ್ಕರುಗಳನ್ನು ಕೊಂಡ ಗ್ರಾಹಕರೆಲ್ಲರಿಗೂ ತಿಳಿಸಿ ಅವನ್ನು ಹಿಂಪಡೆಯಬೇಕೆಂದು ಆಜ್ಞೆ ಮಾಡಿತು. ಆ ಅಂಕಿಯನ್ನು ಗಮನಿಸಿ: 2,265. ಸುಮಾರು ಎಂದಿಲ್ಲ. ಆ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಂದು ಕುಕ್ಕರಿಗೂ ಒಂದು ವಿಳಾಸವಿತ್ತು. ನಮ್ಮ ತಾರಸಿಯ ಮೇಲಿನ ಸ್ವಿಚ್ಚು, ಫ್ಯೂಸು, ತಂತಿಯ ಕೊಂಡಿಗಳಿಗೆ ಅಂಥ ವಿಳಾಸ ಎಷ್ಟರಮಟ್ಟಿಗೆ ಇದೆ?

ಇದಕ್ಕೆ ದೊಡ್ಡ ಇಲಾಖೆಯೇನೂ ಬೇಕಾಗಿಲ್ಲ. ಸಹಾಯಧನ ಕೊಡುವ ನಮೂನೆಯಲ್ಲಿ ಇನ್ನು ನಾಲ್ಕು ಸಾಲು ಸೇರಿಸಿದರೆ ಸಾಕು: ಸ್ವಿಚ್ಚು ಯಾವುದು, ಕೊಂಡಿ ಯಾವುದು, ನಂಬರೇನು, ಕೂರಿಸಿದ ಕೈ ಯಾರದು. ಕಂಪೆನಿ ಮುಳುಗಿದಾಗ ಬದಲಿ ಖರ್ಚಿಗೆಂದು ಪ್ರತಿಯೊಂದು ಮಾರಾಟದಿಂದಲೂ ಕಾಸಿನಷ್ಟು ತೆಗೆದಿಟ್ಟರೆ, ನಾಳೆ ಬಡ ಎಲೆಕ್ಟ್ರೀಷಿಯನ್ನನ ಕುತ್ತಿಗೆಗೆ ಹೊಣೆ ಬೀಳುವುದು ತಪ್ಪೀತು. ಪ್ಯಾನೆಲ್ಲು ಏರಿಸುವುದಕ್ಕೆ ಸಾವಿರಾರು ಕೋಟಿ ಕೊಡುವ ಸರಕಾರ, ಏರಿಸಿದ್ದನ್ನು ನೆನಪಿಡುವುದಕ್ಕೆ ಒಂದಿಷ್ಟು ಕೊಡಬಾರದೆ?

ಸರಕಾರ ಮಾಡುವವರೆಗೆ ಗೃಹಸ್ಥನು ಕೈಕಟ್ಟಿ ಕೂರಬೇಕಾಗಿಲ್ಲ. ಪ್ಯಾನೆಲ್ಲು ಏರಿಸುವ ದಿನ ಪ್ರತಿಯೊಂದು ಡಬ್ಬಿಯ ಮೇಲಿನ ಹೆಸರು, ನಂಬರು, ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆಸಿ, ಕೆಲಸದವನ ರುಜು ಹಾಕಿಸಿ, ಒಂದು ಪ್ರತಿಯನ್ನು ಮೀಟರ್ ಬೋರ್ಡಿನ ಬಳಿ ಅಂಟಿಸಿ, ಇನ್ನೊಂದನ್ನು ಮನೆಯ ಕ್ರಯಪತ್ರದ ಜೊತೆ ಇಡಿ. ಎರಡು ಮೂರು ವರ್ಷಕ್ಕೊಮ್ಮೆ ಬಲ್ಲವನನ್ನು ಕರೆಸಿ ನೀರು ಇಳಿದಿದೆಯೇ, ತಿರುಪು ಸಡಿಲಾಗಿದೆಯೇ ನೋಡಿಸಿ. ಮನೆ ಮಾರಿದರೆ ಬೀಗದ ಕೈಯ ಜೊತೆಯಲ್ಲಿ ಆ ಹಾಳೆಯನ್ನೂ ಕೊಡಿ. ಮುಂದೆ ಎಂದಾದರೂ ಒಂದು ಕರೆ ಬಂದಾಗ, ಆ ಮನೆಯಲ್ಲಿ ಮಲಗಿರುವ ನಮಗೆ ಗೊತ್ತಿಲ್ಲದ ಮಗುವೊಂದಕ್ಕೆ ಅದು ಒದಗೀತು.